ಸಂಪಾದಕರ ಉತ್ತರ: ಮಗಳ ಪ್ರಶ್ನೆಗೆ ಬೆತ್ತ ಉತ್ತರವಲ್ಲ

ಮಂಡ್ಯದ ಓದುಗರೊಬ್ಬರು ಹೆಸರು ಹಾಕಬೇಡಿ ಎಂಬ ಕೋರಿಕೆಯೊಡನೆ ಬರೆದ ಪತ್ರದ ಸಾರ ಇದು:

“ನಮ್ಮ ಮನೆಯಲ್ಲಿ ದಿನಾ ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ. ಎಂಟು ವರ್ಷದ ಮಗ 23ನೇ ಕೀರ್ತನೆ ಒಪ್ಪಿಸಬೇಕು, ತಪ್ಪಿದರೆ ಅಂಗೈಗೆ ಬೆತ್ತದೇಟು. ಮಗಳಿಗೆ ಹನ್ನೆರಡು. ನನ್ನ ತಾಯಿಯೇ ಅವಳಿಗೆ ಪ್ರಾರ್ಥನೆ ಕಲಿಸಿದವರು. ಹೋದ ತಿಂಗಳು ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅದಾಗಿ ವಾರಕ್ಕೆ, ಪ್ರಾರ್ಥನೆಯ ನಡುವೆಯೇ, ಮಗಳು ‘ಅಷ್ಟೆಲ್ಲ ಪ್ರಾರ್ಥನೆ ಮಾಡುದ್ವಲ್ಲ, ಅಜ್ಜಿ ಯಾಕಪ್ಪ ಹಂಗೆ ನರಳಿ ಹೋದ್ರು? ದೇವ್ರು ಕೇಳಿಸ್ಕೊಳ್ಳಲೇ ಇಲ್ವಾ?’ ಎಂದಳು. ದೇವದೂಷಣೆ ಎನಿಸಿ ಕಪಾಳಕ್ಕೆ ಹೊಡೆದೆ. ಅಂದಿನಿಂದ ಬಂದು ಕೂರುತ್ತಾಳೆ, ತುಟಿ ಬಿಚ್ಚುವುದಿಲ್ಲ. ನಮ್ಮ ಬೀದಿಯಲ್ಲಿ ನಮ್ಮದೊಂದೇ ಕ್ರೈಸ್ತ ಮನೆ. ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಎಂದು ಜ್ಞಾನೋಕ್ತಿ 13:24 ಹೇಳುತ್ತದೆ. ನಾನು ಪಾಲಿಸಿದ್ದು ಅದನ್ನೇ. ಸಂಡೇ ಸ್ಕೂಲಿನವರು ಇನ್ನಷ್ಟು ಬಿಗಿಯಾಗಬೇಕು ಎಂದು ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ.”

ಪ್ರಿಯ ಸಹೋದರರೇ,

ತಾಯಿಯನ್ನು ಕಳೆದುಕೊಂಡ ಸಂಕಟ ಆರುವ ಮೊದಲೇ ಈ ಪತ್ರ ಬರೆದಿದ್ದೀರಿ. ನಿಮ್ಮ ಮನೆಯವರೆಲ್ಲರಿಗೂ ನಮ್ಮ ಬಳಗದ ಸಂತಾಪ ಸಲ್ಲಲಿ. ಕೆಲಸ ಮುಗಿಸಿ ದಣಿದು ಬಂದರೂ ಮಕ್ಕಳನ್ನು ಕೂರಿಸಿಕೊಂಡು ಸತ್ಯವೇದ ಬಿಚ್ಚುವ ಅಪ್ಪಂದಿರು ನಮ್ಮ ಸಭೆಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಆ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆ ಗೌರವದಿಂದಲೇ ಮುಂದಿನ ಮಾತನ್ನು ನೇರವಾಗಿ ಹೇಳುತ್ತೇನೆ: ಮಗಳಿಗೆ ಹೊಡೆದದ್ದು ತಪ್ಪು. ಅವಳು ಕೇಳಿದ್ದರಲ್ಲಿ ದೇವದೂಷಣೆ ಏನೂ ಇರಲಿಲ್ಲ. ಅಂದು ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮನಸ್ಸು ಬಿಚ್ಚಿ ಪ್ರಾರ್ಥಿಸಿದವಳು ಅವಳೇ ಎಂದು ನನಗೆ ಅನಿಸುತ್ತದೆ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಲಾಜರನಿಗೆ ಕಾಯಿಲೆ ಎಂದು ಅಕ್ಕತಂಗಿಯರು ಯೇಸು ಸ್ವಾಮಿಗೆ ಹೇಳಿಕಳಿಸುತ್ತಾರೆ. ಸುದ್ದಿ ಮುಟ್ಟಿದ ಮೇಲೂ ಸ್ವಾಮಿ ಇದ್ದ ಸ್ಥಳದಲ್ಲೇ ಎರಡು ದಿನ ಉಳಿಯುತ್ತಾರೆ. ಬೇಥಾನ್ಯಕ್ಕೆ ಬರುವ ಹೊತ್ತಿಗೆ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ. ಮಾರ್ಥಳು ಎದುರು ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಮರಿಯಳೂ ಪಾದಕ್ಕೆ ಬಿದ್ದು ಅದೇ ಮಾತು ಆಡುತ್ತಾಳೆ. ನಿಮ್ಮ ಮಗಳು ಕೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ? ಯೇಸು ಸ್ವಾಮಿ ಅವರಿಬ್ಬರನ್ನೂ ಗದರಿಸಲಿಲ್ಲ. ಮಾರ್ಥಳ ಜೊತೆ ಮಾತಾಡಿದರು, ಮರಿಯಳ ಜೊತೆ ಅತ್ತರು.

ಇನ್ನೂ ಮುಂದೆ ಹೋಗಿ. ಯೆಹೋವನೇ, ಇನ್ನೆಷ್ಟರವರೆಗೆ ನನ್ನನ್ನು ಮರೆತಿರುವೆ ಎಂದು 13ನೇ ಕೀರ್ತನೆ ಶುರುವಾಗುತ್ತದೆ. ನನ್ನ ದೇವರೇ, ಯಾಕೆ ಕೈಬಿಟ್ಟೆ ಎಂಬ 22ನೇ ಕೀರ್ತನೆಯ ಕೂಗನ್ನು ಸ್ವತಃ ಯೇಸು ಸ್ವಾಮಿ ಶಿಲುಬೆಯ ಮೇಲೆ ಕೂಗಿದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಬೀಳುವುದು ಯಾರ ಮೇಲೆ? ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದ ಯೋಬನ ಮೇಲಲ್ಲ. ದೇವರ ಪರ ವಕಾಲತ್ತು ವಹಿಸಿ ಅವನ ಬಾಯಿ ಮುಚ್ಚಿಸಲು ಹೊರಟ ಮೂವರು ಗೆಳೆಯರ ಮೇಲೆ. ಆ ಅಧ್ಯಾಯ ಓದಿದ ಯಾವ ತಂದೆಯೂ ಅಳುವ ಮಗುವಿನ ಪ್ರಶ್ನೆಗೆ ಕೈ ಎತ್ತುವ ಮುಂಚೆ ಹೆದರಬೇಕು.

ಮಗಳಿಗೆ ಹನ್ನೆರಡು ವರ್ಷ ಎಂದಿದ್ದೀರಿ. ಯೇಸು ಸ್ವಾಮಿಯ ಬಾಲ್ಯದ ಬಗ್ಗೆ ಲೂಕನು ಬರೆದಿಟ್ಟ ಒಂದೇ ಒಂದು ಪ್ರಸಂಗ ನಡೆದದ್ದೂ ಅದೇ ವಯಸ್ಸಿನಲ್ಲಿ. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕಹಬ್ಬ ಮುಗಿಸಿ ಊರಿಗೆ ಹೊರಟ ತಂದೆತಾಯಿ, ಮಗ ಕಾಣದೆ ಯೆರೂಸಲೇಮಿಗೆ ವಾಪಸು ಬಂದು ಹುಡುಕಿದರೆ, ಹುಡುಗ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಿದ್ದಾನೆ, ಅವರಿಗೆ ಪ್ರಶ್ನೆ ಹಾಕುತ್ತಿದ್ದಾನೆ. ಆ ಬೋಧಕರಿಗೆ ಆಶ್ಚರ್ಯವಾಯಿತೇ ಹೊರತು ಸಿಟ್ಟು ಬರಲಿಲ್ಲ. ಮೂರು ದಿನ ಹುಡುಕಿ ಸುಸ್ತಾಗಿದ್ದ ತಾಯಿ ಮರಿಯಳೂ ತನ್ನ ಕಳವಳವನ್ನು ಬಾಯಿಬಿಟ್ಟು ಹೇಳಿದಳು: ಮಗನೇ, ಹೀಗೇಕೆ ಮಾಡಿದೆ? ಅವನು ಕೊಟ್ಟ ಉತ್ತರ ಅವರಿಗೆ ತಿಳಿಯಲಿಲ್ಲ. ಆದರೂ ಅವನು ಅವರ ಜೊತೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದ. ಪ್ರಶ್ನೆ ಕೇಳುವುದು, ತಂದೆತಾಯಿಗೆ ವಿಧೇಯನಾಗಿರುವುದು, ಎರಡೂ ಒಂದೇ ಹುಡುಗನಲ್ಲಿ ಇದ್ದವು.

ಮಕ್ಕಳಿಗೆ ನಂಬಿಕೆ ಕಲಿಸುವ ಬಗ್ಗೆ ಮಾತು ಬಂದಾಗ ನಾವೆಲ್ಲ ಧರ್ಮೋಪದೇಶಕಾಂಡ 6:7 ಹೇಳುತ್ತೇವೆ: ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಇವುಗಳ ವಿಷಯ ಮಾತಾಡಿರಿ. ಅದೇ ಅಧ್ಯಾಯದ 20ನೇ ವಚನವನ್ನು ಹೇಳುವವರು ಕಡಿಮೆ. ಈ ಆಜ್ಞೆಗಳೆಲ್ಲ ಏತಕ್ಕೆ ಎಂದು ಮುಂದೆ ನಿನ್ನ ಮಗ ಕೇಳಿದಾಗ ಏನು ಹೇಳಬೇಕು ಎಂಬುದು ಅಲ್ಲಿದೆ. ಪಸ್ಕದ ಆಚರಣೆಯನ್ನು ಕೊಡುವ ವಿಮೋಚನಕಾಂಡದ 12ನೇ ಅಧ್ಯಾಯದಲ್ಲೂ ಹಾಗೆಯೇ, ಯೊರ್ದನ್ ಹೊಳೆಯಿಂದ ಎತ್ತಿದ ಹನ್ನೆರಡು ಕಲ್ಲುಗಳನ್ನು ನಿಲ್ಲಿಸುವ ಯೆಹೋಶುವನ 4ನೇ ಅಧ್ಯಾಯದಲ್ಲೂ ಹಾಗೆಯೇ. ಮಕ್ಕಳು ಕೇಳಿಯೇ ಕೇಳುತ್ತಾರೆಂದು ದೇವರಿಗೆ ಗೊತ್ತು. ತಂದೆ ಕೊಡಬೇಕಾದ ಉತ್ತರ ಎಂಥದ್ದೆಂದೂ ಅಲ್ಲಿ ನೋಡಿ. ನಾವು ಐಗುಪ್ತದಲ್ಲಿ ದಾಸರಾಗಿದ್ದೆವು, ದೇವರು ನಮ್ಮನ್ನು ಹೊರಗೆ ಕರೆತಂದರು ಎಂದು ಅವನು ತಮ್ಮ ಮನೆತನದ ಕಥೆಯನ್ನೇ ಹೇಳಬೇಕು. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಯಜಮಾನರಿಗೆಂದು ಚಿಕ್ಕ ಧರ್ಮಬೋಧೆಯನ್ನು ಬರೆದಾಗಲೂ ಒಂದೊಂದು ಆಜ್ಞೆಯ ಕೆಳಗೆ ‘ಇದರ ಅರ್ಥವೇನು?’ ಎಂಬ ಪ್ರಶ್ನೆಯನ್ನೇ ಇಟ್ಟರು.

ಈಗ ನಿಮ್ಮ ಬೆತ್ತದ ವಚನಕ್ಕೆ ಬರುತ್ತೇನೆ. ಜ್ಞಾನೋಕ್ತಿ 13:24 ಸತ್ಯವೇದದಲ್ಲಿದೆ, ಇಲ್ಲವೆನ್ನುವುದಿಲ್ಲ. ಮಕ್ಕಳನ್ನು ತಿದ್ದದೆ ಬಿಡುವುದು ಪ್ರೀತಿಯಲ್ಲ ಎಂಬುದು ಅದರ ತಿರುಳು. ಅದನ್ನು ನಾನೂ ಒಪ್ಪುತ್ತೇನೆ. ಯಾಜಕ ಏಲಿ ತನ್ನ ಗಂಡುಮಕ್ಕಳನ್ನು ತಡೆಯದೆ ಮನೆಗೆ ಎಂಥ ಕೇಡು ತಂದುಕೊಂಡ ಎಂಬುದು ಸಮುವೇಲನ ಮೊದಲನೇ ಪುಸ್ತಕದಲ್ಲಿದೆ. ಆದರೆ ಕ್ರಿಸ್ತನನ್ನು ಹಿಂಬಾಲಿಸುವ ಮನೆಗೆ ಅಪೊಸ್ತಲ ಪೌಲನು ತಂದೆಯರ ಹೆಸರೆತ್ತಿಯೇ ಅಪ್ಪಣೆ ಕೊಟ್ಟಿದ್ದಾನೆ. ಮಕ್ಕಳನ್ನು ಸಿಟ್ಟಿಗೆಬ್ಬಿಸಬೇಡಿ, ಕರ್ತನ ಶಿಕ್ಷಣದಲ್ಲಿ ಸಾಕಿ ಸಲಹಿ ಎಂದು ಎಫೆಸದವರಿಗೆ; ಕೆಣಕಬೇಡಿ, ಅವರು ಮನಗುಂದಿಯಾರು ಎಂದು ಕೊಲೊಸ್ಸೆಯವರಿಗೆ. ಮಕ್ಕಳ ಮೇಲೆ ತಂದೆಗೆ ಅಂಕೆಯಿಲ್ಲದ ಅಧಿಕಾರ ಕೊಟ್ಟಿದ್ದ ರೋಮ್ ಸಾಮ್ರಾಜ್ಯದೊಳಗೆ ಕೂತು ಬರೆದ ಮಾತಿದು. ಮನಗುಂದಿದ ಮಗು ಹೇಗಿರುತ್ತದೆ ಎಂಬುದನ್ನು ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ: ಬಂದು ಕೂರುತ್ತಾಳೆ, ತುಟಿ ಬಿಚ್ಚುವುದಿಲ್ಲ.

ಮಗನ ವಿಷಯ ನನ್ನನ್ನು ಇನ್ನೂ ಕಾಡುತ್ತಿದೆ. ಅವನು ಒಪ್ಪಿಸುವ 23ನೇ ಕೀರ್ತನೆಯಲ್ಲಿ ದಾವೀದನು ದೇವರನ್ನು ಕುರುಬನೆಂದು ಹಾಡುತ್ತಾನೆ, ಅಲ್ಲೇ ಒಂದು ಕೋಲಿದೆ: ನಿನ್ನ ಕೋಲು ನನಗೆ ಧೈರ್ಯ ಕೊಡುತ್ತದೆ. ಬನ್ನೂರು, ಮಳವಳ್ಳಿ ಕಡೆ ಕುರಿ ಮಂದೆ ಹೊಡೆದುಕೊಂಡು ಹೋಗುವವರನ್ನು ನೀವು ನೋಡಿರುತ್ತೀರಿ. ಆ ಕೋಲಿನಲ್ಲಿ ಜಾಲಿ ಕೊಂಬೆ ಬಗ್ಗಿಸಿ ಕುರಿಗೆ ಸೊಪ್ಪು ಎಟುಕಿಸುತ್ತಾರೆ, ನಾಯಿ ಬಂದರೆ ಅಟ್ಟುತ್ತಾರೆ, ಅಡ್ಡದಾರಿ ಹಿಡಿದ ಕುರಿಯನ್ನು ಮೆಲ್ಲಗೆ ಒತ್ತಿ ಮಂದೆಗೆ ಸೇರಿಸುತ್ತಾರೆ. ಅಂಥ ಕೋಲು ಕಂಡು ದಾವೀದನಿಗೆ ಧೈರ್ಯ ಬಂತು. ನಿಮ್ಮ ಮಗ ಅಂಗೈ ಚಾಚಿಕೊಂಡು, ನಿಮ್ಮ ಕೈಯಲ್ಲಿರುವ ಬೆತ್ತವನ್ನು ಓರೆಗಣ್ಣಲ್ಲಿ ನೋಡುತ್ತಾ ಆ ಸಾಲು ಹೇಳುತ್ತಾನೆ. ಕೀರ್ತನೆ ಬಾಯಿಗೆ ಬರಬಹುದು. ಕುರುಬನ ಬಗ್ಗೆ ಅವನ ಎದೆಯಲ್ಲಿ ಏನು ಉಳಿಯುತ್ತದೆ, ಯೋಚಿಸಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಹೇಳುವಾಗ ಅವನ ಕಣ್ಣಮುಂದೆ ಬರುವ ತಂದೆಯ ಮುಖ ನಿಮ್ಮದೇ ಅಲ್ಲವೇ?

ಬಾಯಿಪಾಠ ಬೇಡ ಎನ್ನುವವರ ಸಾಲಿಗೆ ನಾನು ಸೇರಿದವನಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ, ಓದಲು ಕಣ್ಣು ಕಾಣದ ಮುಪ್ಪಿನಲ್ಲಿ, ಎಂಟನೇ ವಯಸ್ಸಿನಲ್ಲಿ ಕಲಿತ ವಚನಗಳೇ ಕೈ ಹಿಡಿಯುತ್ತವೆ. ಹಾಗಾಗಿ 23ನೇ ಕೀರ್ತನೆಯನ್ನು ಬಿಡಬೇಡಿ, ಬೆತ್ತವನ್ನು ಬಿಡಿ. ನೀವು ಒಂದು ಸಾಲು, ಅವನು ಒಂದು ಸಾಲು ಹೇಳಿ. ತಪ್ಪಿದರೆ ನೀವು ಎತ್ತಿಕೊಡಿ. ಶಾಲೆಯಲ್ಲೇ ಮಗುವಿನ ಮೇಲೆ ಕೈ ಮಾಡಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳಿರುವಾಗ, ದೇವರ ಮಾತು ಕಲಿಸುವ ಜಾಗದಲ್ಲಿ ಬೆತ್ತಕ್ಕೇನು ಕೆಲಸ?

ಮೈಸೂರಿನ ವೆಸ್ಲಿ ಕೆಥೆಡ್ರಲಿಗೆ ಯಾರ ಹೆಸರಿದೆಯೋ ಆ ಜಾನ್ ವೆಸ್ಲಿಯವರ, ಮೆಥೊಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದವರ, ತಾಯಿ ಸುಸಾನಾ ವೆಸ್ಲಿಯವರ ಕಥೆ ಇಲ್ಲಿ ಹೇಳಬೇಕು. ಆಕೆ ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು, ಅದರಲ್ಲಿ ಸುಮಾರು ಅರ್ಧದಷ್ಟು ಕೂಸುಗಳಾಗಿರುವಾಗಲೇ ತೀರಿಹೋದವು. ಉಳಿದವರಿಗೆ ಮನೆಯಲ್ಲೇ ಅಕ್ಷರ, ಮನೆಯಲ್ಲೇ ಸತ್ಯವೇದ. ತುಂಬ ಕಟ್ಟುನಿಟ್ಟಿನ ಹೆಂಗಸು. ಬೆತ್ತವನ್ನೂ ನಂಬಿದ್ದವರು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇಷ್ಟು ಮಕ್ಕಳ ನಡುವೆಯೂ ವಾರದ ಒಂದೊಂದು ಸಂಜೆ ಒಬ್ಬೊಬ್ಬ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಅದರ ಮನಸ್ಸಿನಲ್ಲಿ ಇರುವುದನ್ನು ಮಾತಾಡಿಸುತ್ತಿದ್ದರು. ಜಾನನ ಪಾಲಿಗೆ ಬಂದದ್ದು ಗುರುವಾರ. ಆ ಹುಡುಗ ಬೆಳೆದು ಆಕ್ಸ್‌ಫರ್ಡಿನಲ್ಲಿ ಬೋಧಕನಾಗಿದ್ದಾಗ, 1732ರಲ್ಲಿ, ತಾಯಿಗೆ ಬರೆದ ಕಾಗದದಲ್ಲಿ ಆ ಗುರುವಾರದ ಸಂಜೆಯನ್ನು ನೆನೆದು, ಅದರ ಸ್ವಲ್ಪ ಹೊತ್ತನ್ನು ಈಗಲೂ ನನಗಾಗಿ ಎತ್ತಿಡಲಾದೀತೇ, ನನ್ನ ಹೃದಯ ತಿದ್ದಲು ಅದು ಆಗಿನಷ್ಟೇ ಉಪಯೋಗವಾದೀತು ಎಂದು ಕೇಳಿಕೊಂಡರು. ಮೂವತ್ತರ ಹತ್ತಿರ ಬಂದ ಮಗ ತಾಯಿಯ ಹತ್ತಿರ ಮತ್ತೆ ಬೇಡಿದ್ದು ಅದನ್ನು.

ಸಂಡೇ ಸ್ಕೂಲು ಬಿಗಿಯಾಗಬೇಕು ಎಂದಿದ್ದೀರಿ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೈಕ್ಸ್ 1780ರಲ್ಲಿ ಭಾನುವಾರದ ಶಾಲೆ ತೆರೆದದ್ದು, ವಾರವೆಲ್ಲ ದುಡಿದು ಭಾನುವಾರ ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳಿಗೆ ಓದು, ಸತ್ಯವೇದ ಕಲಿಸಲು. ಮನೆ ಮಾಡಬೇಕಾದ್ದನ್ನು ವಾರಕ್ಕೊಂದು ಗಂಟೆಯಲ್ಲಿ ಅದು ಮಾಡಿ ಮುಗಿಸೀತು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಅಲ್ಲಿ ಬೇಕಾದ್ದು ಬಿಗಿಯೂ ಅಲ್ಲ. ಮೈಸೂರಿನ ಒಂದು ಸಂಡೇ ಸ್ಕೂಲಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನೋಹನ ಕಥೆ ನಡೆಯುತ್ತಿತ್ತು. ಟೀಚರ್ ಪ್ರಾಣಿಗಳ ಚಿತ್ರಗಳನ್ನು ಜೋಡಿ ಜೋಡಿಯಾಗಿ ಬೋರ್ಡಿಗೆ ಅಂಟಿಸುತ್ತಿದ್ದರು. ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬ ಎದ್ದು, “ಮಿಸ್, ನಾವೆ ಒಳಗೆ ಹತ್ತದೇ ಇದ್ದ ಕುರಿಮರಿಗಳು ಏನ್ ಪಾಪ ಮಾಡಿದ್ವು?” ಎಂದ. ಕೆಲವರು ನಕ್ಕರು. ಟೀಚರ್ ಕೈಯಲ್ಲಿದ್ದ ಚಿತ್ರವನ್ನು ಮೇಜಿನ ಮೇಲಿಟ್ಟು ಅವನ ಹತ್ತಿರ ಹೋಗಿ ಕೂತರು. “ಅದನ್ನ ನೆನೆಸ್ಕೊಂಡ್ರೆ ನಂಗೂ ಸಂಕಟ ಆಗುತ್ತೆ ಕಣಪ್ಪ. ಯಾಕೆ ಅಂತ ಪೂರ್ತಿ ನಂಗೂ ಗೊತ್ತಿಲ್ಲ. ಆದ್ರೆ ಮಳೆ ನಿಂತ್ಮೇಲೆ, ಇನ್ಯಾವತ್ತೂ ಹಿಂಗೆ ಪ್ರಳಯ ತರಲ್ಲ ಅಂತ ದೇವ್ರು ಮಾತು ಕೊಟ್ರಲ್ಲ, ಮನುಷ್ಯರಿಗೆ ಮಾತ್ರ ಕೊಡ್ಲಿಲ್ಲ. ಪ್ರಾಣಿ ಪಕ್ಷಿಗಳಿಗೂ ಕೊಟ್ರು” ಎಂದು ಆದಿಕಾಂಡದ 9ನೇ ಅಧ್ಯಾಯ ತೆಗೆದು ಅವನ ಕೈಯಲ್ಲೇ ಓದಿಸಿದರು. ಹುಡುಗ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದ. ನಮ್ಮ ಮಕ್ಕಳಿಗೆ ಇಂಥ ಟೀಚರು ಸಾಕು.

ಬೀದಿಯಲ್ಲಿ ನಮ್ಮದೊಂದೇ ಮನೆ ಎಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಮಕ್ಕಳು ಎಲ್ಲಿ ಕೈತಪ್ಪುತ್ತಾರೋ ಎಂಬ ಅದೇ ಅಂಜಿಕೆ ಬೆತ್ತ ಹಿಡಿಸಿರಲೂಬಹುದು. ಆದರೆ ಹೆದರಿಕೆಯಿಂದ ಕಟ್ಟಿಹಾಕಿದ ಮಗು ಕಾಲೇಜಿಗೆಂದು ಬೆಂಗಳೂರಿನ ಬಸ್ಸು ಹತ್ತಿದ ದಿನ ಆ ಕಟ್ಟು ಬಿಚ್ಚಿಕೊಳ್ಳುತ್ತದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಮಗಳ ಹತ್ತಿರ ಹೋಗಿ, ತಮ್ಮನ ಎದುರಿಗೇ, ‘ನಾನು ಹೊಡೆದದ್ದು ತಪ್ಪು ಮಗಳೇ, ಕ್ಷಮಿಸು’ ಎಂದು ಕೇಳಿ. ‘ಆದರೂ ನೀನು ಹಾಗೆ ಕೇಳಬಾರದಿತ್ತು’ ಎಂದು ಬಾಲ ಸೇರಿಸಬೇಡಿ. ಕ್ಷಮೆಯ ಬಗ್ಗೆ ನೀವು ಇಷ್ಟು ವರ್ಷ ಓದಿಸಿದ ವಚನಗಳನ್ನೆಲ್ಲ ಅವಳು ಅಂದು ಕಣ್ಣಾರೆ ಕಾಣುತ್ತಾಳೆ. ಅವಳು ಕೂಡಲೇ ಮಾತಾಡದಿದ್ದರೆ ಕಾಯಿರಿ, ಒತ್ತಾಯ ಬೇಡ. ಕುಟುಂಬ ಪ್ರಾರ್ಥನೆಯನ್ನು ಚಿಕ್ಕದು ಮಾಡಿ. ವಾರಕ್ಕೊಂದು ಸಂಜೆ ಅವಳಿಗೆಂದೇ ಇಟ್ಟುಕೊಳ್ಳಿ, ಯೋಹಾನ 11ನ್ನು ಇಬ್ಬರೂ ಕೂತು ಓದಿ, ಅಜ್ಜಿಯ ಬಗ್ಗೆ ಮಾತಾಡಿ. ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಪೌಲನು ಅವನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನೀಕೆಯಲ್ಲಿ ಇತ್ತೆಂದು ಹೆಸರು ಹಿಡಿದು ಹೇಳುತ್ತಾನೆ. ಮಗಳಿಗೆ ಪ್ರಾರ್ಥನೆ ಕಲಿಸಿದವರು ನಿಮ್ಮ ತಾಯಿ. ತನ್ನ ಲೋವಿಯನ್ನು ಕಳೆದುಕೊಂಡ ಹುಡುಗಿ ಅವಳು, ಪ್ರಶ್ನೆ ಬಂದದ್ದು ಆ ಪ್ರೀತಿಯಿಂದ. ನೀವೂ ಅವರ ಮಗನೇ. ಅವಳ ಪ್ರಶ್ನೆ ನಿಮ್ಮೊಳಗೂ ಇದ್ದರೆ ಹಾಗೆಂದು ಅವಳಿಗೆ ಹೇಳಿ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಯೇಸು ಸ್ವಾಮಿ ಬೇಡಿದರು, ಪಾತ್ರೆ ತೊಲಗಲಿಲ್ಲ, ಆದರೆ ತಂದೆ ಕೈಬಿಡಲೂ ಇಲ್ಲ, ಮೂರನೆಯ ದಿನ ಎಬ್ಬಿಸಿದರು. ನನಗೆ ಗೊತ್ತಿರುವ ಉತ್ತರ ಅದು. ಅದನ್ನು ಅವಳ ಬಾಯಿಗೆ ತುರುಕದೆ, ನೀವು ನಂಬಿರುವುದು ಎಂದು ಹೇಳಿ.

ಸಂಡೇ ಸ್ಕೂಲಿನ ಬಿಗಿಯ ಬಗ್ಗೆ ನೀವು ಕೇಳಿದ ಲೇಖನವನ್ನು ನಾನು ಬರೆಯುವುದಿಲ್ಲ. ಮಗಳು ಒಪ್ಪಿದರೆ ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ, ಒಂದಕ್ಷರವೂ ತಿದ್ದದೆ, ಬರೆಸಿ ಕಳಿಸಿ. ಹೆಸರು, ಊರು ಹಾಕದೆ ಪ್ರಕಟಿಸಿ ಅವಳಿಗೇ ಉತ್ತರ ಬರೆಯುತ್ತೇನೆ. ಒಪ್ಪದಿದ್ದರೆ ಬಲವಂತ ಮಾಡಬೇಡಿ.

– ಸಂಪಾದಕ