ಕುಮಟಾ ಹತ್ತಿರ ನಾಯಿ-ಬೆಕ್ಕುಗಳಿಗೆ ಶೆಲ್ಟರ್ ಕಟ್ಟಬೇಕು, ಜೈಲಿನ ಹಾಗೆ ಕಾಣಬಾರದು. ಪ್ಲಾನ್ ಹೇಗಿರಬೇಕು?

12 ಗುಂಟೆ ಜಾಗ ಇದೆ, ಬಾವಿ ಇದೆ, 40 ನಾಯಿ ಮತ್ತು ಒಂದಿಷ್ಟು ಬೆಕ್ಕುಗಳಿಗೆ ವ್ಯವಸ್ಥೆ ಆಗಬೇಕು, ಜನ ಖುಷಿಯಿಂದ ಬಂದು ಸಾಕಲು ಒಯ್ಯುವ ಹಾಗಿರಬೇಕು ಎಂದು ಕೇಳಿದ್ದೀರಿ. ನಾನು ಕಾರವಾರದಲ್ಲಿ ಕಟ್ಟಡದ ಪ್ಲಾನ್ ಹಾಕುವವನು. ಪರಿಚಯದವರಿಗೆ ಇಂಥ ಶೆಡ್ಡುಗಳನ್ನೂ ಕಟ್ಟಿಸಿಕೊಟ್ಟಿದ್ದೇನೆ. ಗೋಡೆಗೆ ಚಿತ್ರ, ಬಣ್ಣ ಎಲ್ಲ ಆಮೇಲೆ. ಬಂದವರು ಎರಡೇ ನಿಮಿಷಕ್ಕೆ ಹೊರಡುವುದು ವಾಸನೆ ಮತ್ತು ಗಲಾಟೆ ತಡೆಯಲಾರದೆ. ಇವೆರಡಕ್ಕೂ ಮದ್ದು ನಕ್ಷೆಯಲ್ಲೇ ಇರಬೇಕು.

ಮೊದಲು 40 ಎಂಬ ಲೆಕ್ಕ ನೋಡೋಣ. ಒಂದು ಪ್ರಾಣಿಗೆ ಸ್ವಚ್ಛತೆ ಮತ್ತು ಊಟಕ್ಕೇ ದಿನಕ್ಕೆ ಕನಿಷ್ಠ 15 ನಿಮಿಷ ಬೇಕು ಎಂಬುದು ಶೆಲ್ಟರ್ ನಡೆಸುವವರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. 40 ನಾಯಿಗೆ 10 ಗಂಟೆ ಆಯ್ತು. ಬೆಕ್ಕು, ಔಷಧಿ, ಬಂದವರ ಜೊತೆ ಮಾತು ಎಲ್ಲ ಬೇರೆ. ಆಳು ಒಬ್ಬರೇ ಆದರೆ 20ಕ್ಕೆ ನಿಲ್ಲಿಸಿ. ಕೋಣೆ ಜಾಸ್ತಿ ಕಟ್ಟಿದರೆ ಅವು ತುಂಬುತ್ತವೆ, ಖಾಲಿ ಅಂತೂ ಇರುವುದಿಲ್ಲ. ಬೀದಿ ನಾಯಿಗಳನ್ನೆಲ್ಲ ಒಳಗೆ ಇಟ್ಟುಕೊಳ್ಳುವ ಯೋಚನೆಯೂ ಬೇಡ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಸಂತಾನಹರಣ ಆಪರೇಷನ್ ಮತ್ತು ಚುಚ್ಚುಮದ್ದು ಆದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳ ಬಗ್ಗೆ ಮಾತ್ರ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಆದೇಶ ಕೊಟ್ಟಿದೆ, ಅವನ್ನು ಅಲ್ಲೇ ಬಿಡದೆ ಶೆಲ್ಟರ್‌ಗೆ ಸಾಗಿಸಬೇಕು ಎಂದು. ಅದನ್ನು ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬರುವವರು ಇರುತ್ತಾರೆ. ಎಷ್ಟಕ್ಕೆ ಜಾಗ ಇದೆ ಎಂದು ಬರೆದು ಗೋಡೆಗೇ ಹಚ್ಚಿಬಿಡಿ.

ಜಾಗದ ಕಾಗದ ಒಮ್ಮೆ ಸರಿಯಾಗಿ ನೋಡಿಸಿ. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿಯಲ್ಲಿ ಕಟ್ಟಡಕ್ಕೆ ನಿರ್ಬಂಧ ಇರುವ ವಲಯ) ಬರುತ್ತದೆ. ಅಘನಾಶಿನಿಯಂಥ ಹೊಳೆಯಲ್ಲಿ ಉಪ್ಪು ನೀರು ಏರುವ ಕಡೆಯ ದಡಕ್ಕೂ ಅದು ತಾಗುತ್ತದೆ. ಶಿರಸಿ ಕಡೆ ಯಾರಾದರೂ ಇದನ್ನು ಓದುತ್ತಿದ್ದರೆ, ಸೊಪ್ಪಿನ ಬೆಟ್ಟದಲ್ಲಿ ಕಟ್ಟುವ ಆಸೆ ಬಿಡಿ. ಅದು ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಕೊಟ್ಟ ಜಾಗ, ಕಟ್ಟಡಕ್ಕಲ್ಲ.

ಈಗ ಕಟ್ಟಡ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಕೋಣೆಗಳ ಬೆನ್ನು ಸಮುದ್ರದ ಕಡೆಗೆ, ಜಾಳಿಗೆಯ ಮುಖ ಪೂರ್ವಕ್ಕೆ ಇರಲಿ. ಬೆಳಗಿನ ಬಿಸಿಲು ಒಳಗೆ ಬಿದ್ದರೆ ನೆಲ ಬೇಗ ಒಣಗುತ್ತದೆ. ಒಣಗಿದ ನೆಲಕ್ಕೆ ಅರ್ಧ ವಾಸನೆ ಇರುವುದೇ ಇಲ್ಲ. ಪಶ್ಚಿಮದ ಮಾಡು ಗೋಡೆಯಿಂದ ನಾಲ್ಕು ಅಡಿ ಮುಂದೆ ಬರಲಿ.

ತಗಡು ಅಗ್ಗ, ಒಪ್ಪುತ್ತೇನೆ. ಆದರೆ ಆಷಾಢದ ಮಳೆ ಬರಿ ತಗಡಿನ ಮೇಲೆ ಬೀಳುವ ಸದ್ದನ್ನು ಮನುಷ್ಯರೇ ತಡೆಯಲಾರರು, ಹೆದರಿದ ನಾಯಿಯ ಪಾಡೇನು? ಏಪ್ರಿಲ್‌ನಲ್ಲಿ ಕಾವಲಿಯ ಹಾಗೆ ಕಾಯುತ್ತದೆ ಬೇರೆ. ಮಂಗಳೂರು ಹಂಚು ಹಾಕಿ, ಕೆಳಗೆ ಜಾಳಿಗೆ ಬಡಿಸಿ. ಹಂಚು ಸರಿಸಿ ಮಂಗ ಒಳಗೆ ಇಳಿಯುವುದಿಲ್ಲ, ಬೆಕ್ಕು ಹೊರಗೆ ಹೋಗುವುದಿಲ್ಲ. ತೆಂಗಿನ ಮರದ ಕೆಳಗೆ ಮಾತ್ರ ಶೆಡ್ ಬೇಡ. ಇದನ್ನೂ ಹೇಳಬೇಕಾ ಅನ್ನಬೇಡಿ, ಜನ ಕಟ್ಟುತ್ತಾರೆ.

ಗೋಡೆಗೆ ಚಿರೇಕಲ್ಲು (ಜಂಬಿಟ್ಟಿಗೆ ಕಲ್ಲು) ಚೆನ್ನ. ನೋಡಲು ಚೆಂದ ಎಂದು ಗಿಲಾಯಿ (ಪ್ಲಾಸ್ಟರ್) ಮಾಡಿಸದೆ ಬಿಡುವುದು ಈಗ ಫ್ಯಾಶನ್. ಮನೆಗೆ ಸರಿ, ಇಲ್ಲಿ ಬೇಡ. ನಾಯಿಯ ಉಣುಗು (ಉಣ್ಣಿ) ಗೋಡೆ ಹತ್ತಿ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಚಿರೇಕಲ್ಲಿನ ತೂತು ಅದಕ್ಕೆ ಬೇಕಾದ ಹಾಗೇ ಇರುತ್ತದೆ. ನಾಯಿಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಕೂಡ ಇಂಥ ಕಡೆ ತಿಂಗಳುಗಟ್ಟಲೆ ಉಳಿಯುತ್ತದೆ. ಬ್ಲೀಚ್ ಕೂಡ ಗಲೀಜನ್ನು ತೊಳೆದ ಮೇಲೆ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ, ತೂತಿನ ಒಳಗೆ ತೊಳೆಯುವುದು ಹೇಗೆ? ಒಳಗಡೆ ಪೂರ್ತಿ ನಯವಾಗಿ ಸಿಮೆಂಟ್ ಗಿಲಾಯಿ ಮಾಡಿಸಿ, ಗೋಡೆ-ನೆಲ ಸೇರುವ ಮೂಲೆಯನ್ನು ಗುಂಡಗೆ ತಿರುಗಿಸಿ. ಹಾಸಲು ಕಾಡಿನ ದರಕು ತರುವುದೂ ಬೇಡ. ಮಂಗನ ಕಾಯಿಲೆ ಇರುವ ಸಿದ್ದಾಪುರ, ಹೊನ್ನಾವರ ಕಡೆಯವರಿಗಂತೂ ಬೇಡವೇ ಬೇಡ, ಅದು ಹರಡುವುದೇ ಕಾಡಿನ ಉಣುಗಿನಿಂದ.

ನೆಲಕ್ಕೆ ಟೈಲ್ಸ್ ಬೇಡ, ಜಾರುತ್ತದೆ. ಸ್ವಲ್ಪ ಒರಟಾದ ಸಿಮೆಂಟ್ ನೆಲ, ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು. ಪ್ರತಿ ಕೋಣೆಯ ನೀರು ನೇರವಾಗಿ ಹೊರಗಿನ ಗಟಾರಕ್ಕೆ ಹೋಗಬೇಕು, ಒಂದು ಕೋಣೆಯದು ಇನ್ನೊಂದನ್ನು ದಾಟಿಕೊಂಡು ಹೋಗಬಾರದು. ಮಲಗಲು ಅರ್ಧ ಅಡಿ ಎತ್ತರದ ಮಂಚ ಬೇಕೇ ಬೇಕು. ಉಪ್ಪು ಗಾಳಿಗೆ ಸಾದಾ ಕಬ್ಬಿಣದ ಜಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ದಪ್ಪ ಸತು ಲೇಪನದ್ದೇ ತನ್ನಿ.

ಗಲಾಟೆಯ ಕಾರಣ ಸುಲಭ. ನಡುವೆ ಓಣಿ, ಎರಡೂ ಕಡೆ ಕೋಣೆ, ಒಂದು ನಾಯಿಯ ಎದುರು ಇನ್ನೊಂದು. ಒಂದು ಬೊಗಳಿದರೆ ಎಲ್ಲ ಶುರು, ಸದ್ದು 100 ಡೆಸಿಬೆಲ್ ದಾಟುತ್ತದೆ. ಎದುರುಬದುರು ಕಟ್ಟಲೇಬೇಡಿ. ಒಂದೇ ಸಾಲು ಮಾಡಿ, ಪಕ್ಕದ ಗೋಡೆ ಎತ್ತರವಾಗಿರಲಿ, ಮುಂದೆ ಗಿಡ ನೆಡಿ. ಬಂದವರನ್ನು ಆ ಸಾಲಿನ ಎದುರು ನಡೆಸಿಕೊಂಡು ಹೋಗಬೇಡಿ. ಅಪರಿಚಿತರು ಬಂದರೆ ಜಾಳಿಗೆಗೆ ಹಾರಿ ಬೊಗಳುವ ನಾಯಿಯೇ ಹೊರಗೆ ತಂದರೆ ಕಾಲ ಬುಡದಲ್ಲಿ ಬಂದು ಕೂರುತ್ತದೆ. ಗೇಟಿನ ಹತ್ತಿರ ಒಂದು ಜಗಲಿ, ಕೂರಲು ಬೆಂಚು, ಕುಡಿಯಲು ನೀರು, ಪಕ್ಕದಲ್ಲಿ ಬೇಲಿ ಹಾಕಿದ ಪುಟ್ಟ ಅಂಗಳ ಇರಲಿ. ನಾಯಿಯನ್ನು ಅಲ್ಲಿಗೆ ಕರೆತನ್ನಿ, ಮಕ್ಕಳಿದ್ದ ಮನೆಯವರಾದರೆ ಅರ್ಧ ಗಂಟೆ ಸುಮ್ನೆ ಕೂರಲಿ. ಇಡೀ ಪ್ಲಾನ್‌ನಲ್ಲಿ ಜಾಸ್ತಿ ಮನಸ್ಸಿಡಬೇಕಾದ ಜಾಗ ಇದೇ. ಹೊರಗಿನ ಗೇಟಿಗೂ ಅಂಗಳಕ್ಕೂ ನಡುವೆ ಇನ್ನೊಂದು ಬಾಗಿಲು ಬೇಕು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು, ಇಲ್ಲದಿದ್ದರೆ ನಾಯಿ ನೇರ ಹೆದ್ದಾರಿಗೆ.

ಬೆಕ್ಕುಗಳಿಗೆ ನಾಯಿಯ ಸದ್ದು ಕೇಳದ ಮೂಲೆ, ಹತ್ತಲು ಹಲಗೆ, ಅಡಗಲು ಪೆಟ್ಟಿಗೆ. ಅವು ಹೇಲು-ಉಚ್ಚೆ ಮಾಡಲು ಮಣ್ಣು ತುಂಬಿಟ್ಟ ತಟ್ಟೆಯನ್ನು ಊಟದ ಹತ್ತಿರ ಇಡಬೇಡಿ.

ಹೊಸದಾಗಿ ಬಂದ ನಾಯಿಗೆ 14 ದಿನ ಬೇರೆ ಕೋಣೆ. ಅದಕ್ಕೆ ಬೇರೆ ಬಾಗಿಲು, ಬೇರೆ ಪೊರಕೆ, ಬೇರೆ ಚಪ್ಪಲಿ. ಅದು ಗೇಟಿನ ಹತ್ತಿರವೇ ಇರಲಿ, ಏಕೆಂದರೆ ರಾತ್ರಿ ಮರಿಗಳನ್ನು ಗೋಣಿಚೀಲದಲ್ಲಿ ತಂದು ಬಿಡುವವರು ನಿಮ್ಮನ್ನು ಕೇಳುವುದಿಲ್ಲ. ಗೇಟಿನ ಹೊರಗೆ ಮಾಡು ಇರುವ ಒಂದು ಗೂಡು ಮಾಡಿ, ಫೋನ್ ನಂಬರ್ ಬರೆಯಿರಿ. ಇದರಿಂದ ಬಿಡುವವರಿಗೆ ಧೈರ್ಯ ಬರುತ್ತದೆ ಎಂದು ಕೆಲವರು ವಾದಿಸುತ್ತಾರೆ. ಹೇಗೂ ಬಿಡುತ್ತಾರೆ, ಮರಿ ಮಳೆಯಲ್ಲಿ ನೆನೆಯದಿರಲಿ ಎಂಬುದು ನನ್ನ ಲೆಕ್ಕ.

ಆಳುಗಳಿಗೆ ರೇಬೀಸ್ ಚುಚ್ಚುಮದ್ದು ಮೊದಲೇ ಹಾಕಿಸಿ, ಕಚ್ಚಿದ ಮೇಲಲ್ಲ.

ಕೊನೆಗೆ ನಿಮ್ಮ ಬಾವಿ. ಚಿರೇಕಲ್ಲಿನ ನೆಲದಲ್ಲಿ ನೀರು ಸರಸರ ಇಳಿಯುತ್ತದೆ, ಕೊಳಕು ನೀರೂ ಹಾಗೆಯೇ. ಇಂಗುಗುಂಡಿ ಬಾವಿಗಿಂತ ತಗ್ಗಿನಲ್ಲಿ, ಕನಿಷ್ಠ 60 ಅಡಿ ದೂರ ಇರಲಿ. ಪಕ್ಕದ ಮನೆಯವರ ಬಾವಿಯಿಂದಲೂ ಅಷ್ಟೇ ದೂರ ಅಳೆಯಿರಿ. 12 ಗುಂಟೆಯಲ್ಲಿ ಈ ಒಂದು ಅಳತೆಯೇ ಶೆಡ್ ಎಲ್ಲಿ ಬರಬೇಕು ಎಂದು ಹೇಳಿಬಿಡಬಹುದು, ಆದ್ದರಿಂದ ನಕ್ಷೆ ಹಾಕುವಾಗ ಇದರಿಂದಲೇ ಶುರು ಮಾಡಿ.