ಗಂಟಲು ನೋವು ಹೋದ ಮೇಲೆ ಬಂದ ಕಾಲುನೋವು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ಅವರ 9 ವರ್ಷದ ಮಗನಿಗೆ ಕಳೆದ ತಿಂಗಳು ಗಂಟಲು ನೋವು, ಜ್ವರ ಬಂದಿತ್ತು. ವೈದ್ಯರು 10 ದಿನಕ್ಕೆ ಬರೆದುಕೊಟ್ಟ ಔಷಧವನ್ನು, ಜ್ವರ ಬಿಟ್ಟಿತೆಂದು ಮೂರೇ ದಿನಕ್ಕೆ ನಿಲ್ಲಿಸಿ ಕಷಾಯ ಕೊಟ್ಟರು. ಈಗ ಹುಡುಗನ ಮೊಣಕಾಲು ಊದಿಕೊಂಡು, ಎರಡು ದಿನದಲ್ಲಿ ಇಳಿದು, ನೋವು ಪಾದದ ಕೀಲಿಗೆ ಬಂದಿದೆ. ಮನೆಯ ಹಿರಿಯರು ‘ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜ’ ಎನ್ನುತ್ತಾರೆ. ಗಂಟಲಿಗೂ ಕಾಲಿಗೂ ಸಂಬಂಧವುಂಟೇ, ಟಾನ್ಸಿಲ್ ತೆಗೆಸಿಬಿಡಬೇಕೇ ಎಂದು ಕೇಳಿದ್ದಾರೆ.

ಮಾನ್ಯರೇ,

ಸಂಬಂಧ ಇರಬಹುದು. ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ, ಮಗುವನ್ನು ಕೂಡಲೇ ಮಕ್ಕಳ ತಜ್ಞರಿಗೆ ತೋರಿಸಿ ಎಂದು ತಮಗೆ ಮೊದಲೇ ಫೋನಿನಲ್ಲಿ ತಿಳಿಸಿದ್ದೇವೆ. ಕಾರಣವನ್ನು ಎಲ್ಲ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಕಷಾಯವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೆಚ್ಚಿನ ಗಂಟಲು ನೋವುಗಳು ವೈರಸ್‌ನಿಂದ ಬರುತ್ತವೆ. ನೆಗಡಿ, ಕೆಮ್ಮು, ಒಡೆದ ಧ್ವನಿ ಜೊತೆಗಿದ್ದರೆ ಬಹುಪಾಲು ಅದೇ. ಅದಕ್ಕೆ ಉಪ್ಪುನೀರು, ಕಷಾಯ, ವಿಶ್ರಾಂತಿ ಸಾಕು, ಆಂಟಿಬಯೋಟಿಕ್‌ನಿಂದ ಉಪಯೋಗವಿಲ್ಲ. ಆದರೆ 5ರಿಂದ 15 ವರ್ಷದ ಮಕ್ಕಳಲ್ಲಿ ಕೆಮ್ಮಿಲ್ಲದೆ ಏಕಾಏಕಿ ಜ್ವರ ಏರಿ, ಎಂಜಲು ನುಂಗಲೂ ನೋವಾಗಿ, ಟಾನ್ಸಿಲ್ ಮೇಲೆ ಬಿಳಿ ಕೀವು ಕಂಡು, ದವಡೆಯ ಕೆಳಗಿನ ಗಂಟುಗಳು ಮುಟ್ಟಿದರೆ ನೋಯುತ್ತಿದ್ದರೆ, ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕನ್ನು ಶಂಕಿಸಬೇಕಾಗುತ್ತದೆ. ಗಂಟಲ ದ್ರವದ ಪರೀಕ್ಷೆಯಿಂದ ಇದು ಖಚಿತವಾಗುತ್ತದೆ.

ಈ ಸೋಂಕಿನಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಔಷಧ ಕೊಡದಿದ್ದರೂ ಗಂಟಲು ಸಾಮಾನ್ಯವಾಗಿ ವಾರದೊಳಗೆ ತಾನಾಗಿಯೇ ಸರಿಹೋಗುತ್ತದೆ. ಆದರೆ ಬ್ಯಾಕ್ಟೀರಿಯಾವನ್ನು ಎದುರಿಸಲು ದೇಹ ಹೂಡಿದ ರಕ್ಷಣೆಯೇ ಕೆಲವು ಮಕ್ಕಳಲ್ಲಿ, ಎರಡು ಮೂರು ವಾರಗಳ ನಂತರ, ಅದನ್ನು ಹೋಲುವ ತಮ್ಮದೇ ಅಂಗಾಂಶಗಳ ಮೇಲೆ ತಿರುಗಿ ಬೀಳುತ್ತದೆ. ಇದೇ ರುಮ್ಯಾಟಿಕ್ ಜ್ವರ. ಮೊಣಕಾಲಿನಲ್ಲಿ ಇಳಿದು ಪಾದದಲ್ಲಿ, ಅಲ್ಲಿಂದ ಮೊಣಕೈಯಲ್ಲಿ ಹೀಗೆ ಸಂಚರಿಸುವ ಕೀಲುನೋವು ಅದರ ಗುರುತು. ಕೀಲುಗಳು ಊನವಿಲ್ಲದೆ ವಾಸಿಯಾಗುತ್ತವೆ. ಹೃದಯಕ್ಕೆ ಆ ಭಾಗ್ಯವಿಲ್ಲ. ಹೃದಯದ ಎಡಭಾಗದಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲಿನಂತಿರುವ ಮಿಟ್ರಲ್ ಕವಾಟ ಊದಿಕೊಂಡು, ಗಾಯ ಕಲೆಗಟ್ಟಿ, ವರ್ಷಗಳು ಕಳೆದಂತೆ ಕಿರಿದಾಗಬಹುದು. ಬಾಲ್ಯದ ಜ್ವರವನ್ನು ಎಲ್ಲರೂ ಮರೆತ ಮೇಲೆ, ಎಷ್ಟೋ ಹೆಣ್ಣುಮಕ್ಕಳಲ್ಲಿ ಮೊದಲ ಬಸಿರಿನ ಏದುಸಿರಿನಿಂದಲೇ ಇದು ಪತ್ತೆಯಾಗುವುದುಂಟು.

ಗಂಟಲು ನೋವು ಶುರುವಾದ 9 ದಿನಗಳೊಳಗೆ ಪೆನಿಸಿಲಿನ್ ಚಿಕಿತ್ಸೆ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. 10 ದಿನ ಕೊಡುವುದು ಜ್ವರ ಇಳಿಸಲೆಂದಲ್ಲ, ಗಂಟಲಿನಲ್ಲಿ ಅಡಗಿರುವ ಬ್ಯಾಕ್ಟೀರಿಯಾವನ್ನು ನಿರ್ಮೂಲ ಮಾಡಲೆಂದು. ಇದನ್ನು ಔಷಧ ಬರೆದುಕೊಡುವಾಗಲೇ ಬಿಡಿಸಿ ಹೇಳುವ ವೈದ್ಯರು ಕಡಿಮೆ ಎಂಬ ಅಸಮಾಧಾನ ನಮಗೂ ಇದೆ.

ಇದೇ ಸೋಂಕಿನ ಒಂದೆರಡು ವಾರದ ನಂತರ ಮುಖ ಊದಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡದ ಉರಿಯೂತವನ್ನು ಶಂಕಿಸಬೇಕು. ಬಾಯಿ ತೆರೆಯಲಾಗದೆ, ಜೊಲ್ಲು ಸುರಿಯುತ್ತ, ಮಾತು ತೊದಲುತ್ತಿದ್ದರೆ ಟಾನ್ಸಿಲ್ ಪಕ್ಕ ಕೀವು ಕಟ್ಟಿರಬಹುದು. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಹಿರಿಯರ ಮಾತು. ಬೆಳೆಯುವ ಮಕ್ಕಳ ಕಾಲುನೋವು ಸಾಮಾನ್ಯವಾಗಿ ಎರಡೂ ಕಾಲಿಗೆ, ಸಂಜೆ ಅಥವಾ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗುತ್ತದೆ. ಅದರಲ್ಲಿ ಕೀಲು ಊದುವುದಿಲ್ಲ, ಮಗು ಕುಂಟುವುದಿಲ್ಲ. ತಮ್ಮ ಮಗನ ಮೊಣಕಾಲು ಊದಿತ್ತು. ವೈದ್ಯರು, ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ಆಗಿತ್ತೇ ಎಂಬುದರ ಸುಳಿವು ಕೊಡುವ ಎಎಸ್‌ಒ ಎಂಬ ರಕ್ತಪರೀಕ್ಷೆ, ಇಸಿಜಿ ಮತ್ತು ಹೃದಯದ ಎಕೋ (ಕವಾಟಗಳನ್ನು ತೋರಿಸುವ ಸ್ಕ್ಯಾನ್) ಮಾಡಿಸಲು ಹೇಳಬಹುದು. ಎಕೋ ಮಾತ್ರ ತಪ್ಪಿಸಬೇಡಿ. ರುಮ್ಯಾಟಿಕ್ ಜ್ವರವೆಂದು ಖಚಿತವಾದರೆ, ಅದು ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಿಸಬೇಕಾಗುತ್ತದೆ.

ಟಾನ್ಸಿಲ್ ತೆಗೆಸುವ ಮಾತನ್ನು ಸಾಮಾನ್ಯವಾಗಿ ಒಂದೇ ವರ್ಷದಲ್ಲಿ ಏಳು ಬಾರಿ, ಅಥವಾ ಎರಡು ವರ್ಷ ಸತತವಾಗಿ ವರ್ಷಕ್ಕೆ ಐದು ಬಾರಿ ಗಂಟಲಿನ ಸೋಂಕು ಕಾಡಿದವರಿಗೆ ಯೋಚಿಸುತ್ತಾರೆ. ತೆಗೆಸಿದರೂ ಅದು ಆ ಚುಚ್ಚುಮದ್ದಿಗೆ ಬದಲಿಯಾಗದು.

— ಸಂ.