ಕೇಳಿ, ಹೇಳುತ್ತೇವೆ: ಅಪ್ಪನ ಟ್ರಂಕಿನೊಳಗಿನ ಯುದ್ಧ

ಪ್ರಶ್ನೆ: ನಮ್ಮ ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದು ನಾಯಬ್ ಸುಬೇದಾರರಾಗಿ ನಿವೃತ್ತರಾದವರು. 1971ರ ಯುದ್ಧದಲ್ಲಿ ಢಾಕಾದವರೆಗೂ ಹೋಗಿದ್ದರಂತೆ, ಆದರೆ ಆ ಮಾತನ್ನು ಅವರು ಎತ್ತುತ್ತಲೇ ಇರಲಿಲ್ಲ. ವರ್ಷದ ತಿಥಿಗೆ ಅವರ ಜೀವನದ ಪುಟ್ಟ ಪುಸ್ತಕ ಮಾಡಿಸಿ ಬಂಧುಗಳಿಗೆ ಹಂಚಬೇಕೆಂದಿದ್ದೇವೆ. ಟ್ರಂಕಿನಲ್ಲಿ ಪದಕ, ಕಾಗದಗಳಿವೆ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಓದುಗರು, ಖಾನಾಪುರ ತಾಲ್ಲೂಕು

ಉತ್ತರ: ಮೊದಲು ಡಿಸ್ಚಾರ್ಜ್ ಬುಕ್, ಅಂದರೆ ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಪುಸ್ತಕ ಹುಡುಕಿ. ಸೇರಿದ ದಿನ, ಬಿಟ್ಟ ದಿನ, ಪದಕಗಳ ಹೆಸರು, ಮನೆಯವರ ವಿವರ ಅದರಲ್ಲಿರುತ್ತವೆ. ಹುಟ್ಟಿದ ದಿನವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಆ ಕಾಲದಲ್ಲಿ ಶಾಲೆಯ ದಾಖಲೆ ಇಲ್ಲದೆ ಬಂದ ಹುಡುಗರಿಗೆ ಅಂದಾಜಿನ ತಾರೀಖು ಬರೆದದ್ದುಂಟು.

ಆಮೇಲೆ ದುಂಡು ಪದಕಗಳ ಅಂಚನ್ನು ಭೂತಗನ್ನಡಿ ಹಿಡಿದು ಓದಿ. ಅಲ್ಲಿ ನಂಬರು, ಹುದ್ದೆ, ಹೆಸರು ಕೆತ್ತಿರುತ್ತಾರೆ. ಒಂದರಲ್ಲಿ ‘ಸಿಪಾಯಿ’ ಎಂದು ಒಂದು ನಂಬರು, ಇನ್ನೊಂದರಲ್ಲಿ ‘ಜೆಸಿ’ (ಜೂನಿಯರ್ ಕಮಿಷನ್ಡ್ ಅಧಿಕಾರಿ ಎಂಬುದರ ಗುರುತು) ಎಂದು ಶುರುವಾಗುವ ಬೇರೆಯೇ ನಂಬರು ಕಂಡರೆ ಯಾರದೋ ಪದಕ ಸೇರಿಕೊಂಡಿದೆ ಎಂದು ಗಾಬರಿಯಾಗಬೇಡಿ. ಹವಾಲ್ದಾರರು ನಾಯಬ್ ಸುಬೇದಾರರಾದಾಗ ನಂಬರೇ ಬದಲಾಗುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇನ್ನು ಢಾಕಾ. ಅಪ್ಪ ಯಾವ ದಿಕ್ಕಿನಲ್ಲಿದ್ದರು ಎಂಬುದನ್ನು ಪದಕವೇ ಹೇಳುತ್ತದೆ: ಪೂರ್ವಿ ಸ್ಟಾರ್ ಇದ್ದರೆ ಪೂರ್ವದ ರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ ರಂಗ. ಸಂಗ್ರಾಮ್ ಮೆಡಲ್ ಅಂದು ಸೇವೆಯಲ್ಲಿದ್ದವರಿಗೆಲ್ಲ ಸಿಕ್ಕಿದ್ದು. ಅದೊಂದನ್ನೇ ಹಿಡಿದು ‘ರಣರಂಗದಲ್ಲಿ ಹೋರಾಡಿದರು’ ಎಂದು ಅಚ್ಚು ಹಾಕಿಸಿದರೆ ತಿಥಿಗೆ ಬಂದ ಇನ್ನೊಬ್ಬ ಮಾಜಿ ಸೈನಿಕರು ಅಲ್ಲೇ ತಪ್ಪು ಹಿಡಿದಾರು. ಪೂರ್ವಿ ಸ್ಟಾರ್ ಇದ್ದರೂ ಢಾಕಾ ತಲುಪಿದ್ದರೆಂದೇನೂ ಆಗಲಿಲ್ಲ. ಅದಕ್ಕೆ ಪಲ್ಟನ್ (ಬೆಟಾಲಿಯನ್) ಯಾವುದೆಂದು ತಿಳಿಯಬೇಕು. ಉದಾಹರಣೆಗೆ, ‘ಜಂಗಿ ಪಲ್ಟನ್’ ಎನ್ನುವ 1ನೇ ಮರಾಠಾ 1971ರ ಡಿಸೆಂಬರ್ 10–11ರ ರಾತ್ರಿ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ ಹೊರಗೆ ಕಾದಿತ್ತು. ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ ಆದದ್ದು 16ರಂದು. ಹೀಗೆ ಪಲ್ಟನ್ ಗೊತ್ತಾದರೆ ಅದು ಯಾವ ದಿನ ಎಲ್ಲಿತ್ತೆಂದು ಹೊಂದಿಸಿ ನೋಡಬಹುದು.

ಪಲ್ಟನ್ ಹೆಸರು ಎಲ್ಲಿ ಸಿಗುತ್ತದೆ? ಅಮ್ಮ ಕಟ್ಟಿಟ್ಟಿರುವ ಇನ್‌ಲ್ಯಾಂಡ್ ಪತ್ರಗಳಲ್ಲಿ. ಕಳಿಸಿದವರ ವಿಳಾಸದಲ್ಲಿ ಪಲ್ಟನ್ ಜೊತೆ ‘56 ಎಪಿಒ’ ಅಥವಾ ‘99 ಎಪಿಒ’ ಎಂದಿರುತ್ತದೆ. ಎಪಿಒ ಎಂದರೆ ಸೇನೆಯ ಅಂಚೆ ಕಚೇರಿ. 56ರ ಟಪಾಲು ದೆಹಲಿಯ ಮೂಲಕ, 99ರದು ಕೋಲ್ಕತ್ತದ ಮೂಲಕ ಸಾಗುತ್ತಿತ್ತು. ಹಾಗಾಗಿ 99 ಎಂದರೆ ಪೂರ್ವದ ಕಡೆ. ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ವರ್ಗಾವಣೆಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಒಳಗಿರುವುದು ಎತ್ತು, ಮಳೆ, ಮಗಳ ಫೀಸು, ಮನಿಯಾರ್ಡರು ಮುಟ್ಟಿತೇ ಎಂಬ ವಿಚಾರಣೆ. ಇವನ್ನು ‘ಬೇಡದ್ದು’ ಎಂದು ಬಿಡಬೇಡಿ. ಯುದ್ಧದ ಮಾತಾಡದ ಮನುಷ್ಯನ ಅರ್ಧ ಬದುಕು ಅಲ್ಲೇ ಇದೆ, ಅದೂ ಅವರದೇ ಅಕ್ಷರದಲ್ಲಿ. ಮನಿಯಾರ್ಡರ್ ಕೂಪನ್ನಿನ ಮೇಲಿನ ಎರಡು ಸಾಲೂ ಪುಸ್ತಕಕ್ಕೆ ಬರಲಿ. ರಜೆಯ ತಾರೀಖುಗಳ ಪಕ್ಕದಲ್ಲಿ ಮಕ್ಕಳು ಹುಟ್ಟಿದ ದಿನ, ಮನೆ ಕಟ್ಟಿಸಿದ ವರ್ಷ, ಬಾವಿ ತೋಡಿಸಿದ ವರ್ಷ ಬರೆಯಿರಿ.

ಪ್ರಶ್ನೆ: ಡಿಸ್ಚಾರ್ಜ್ ಬುಕ್ಕೇ ಕಳೆದಿದ್ದರೆ?

ಉತ್ತರ: ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲೇ ಇದೆ. ಸೇನೆಯ ನಂಬರು, ದಾಖಲೆಯಲ್ಲಿದ್ದಂತೆಯೇ ಹೆಸರು, ಪಲ್ಟನ್, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರು ಕಾಣಿಸಿ, ಮರಣ ಪ್ರಮಾಣಪತ್ರ ಮತ್ತು ಸಂಬಂಧದ ಪುರಾವೆ ಲಗತ್ತಿಸಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದರೆ ಒಳ್ಳೆಯದು. ಊರಲ್ಲಿ ‘ಅಣ್ಣಪ್ಪ’, ದಾಖಲೆಯಲ್ಲಿ ‘ಅನಾಪಾ’ ಎಂದಿರುವುದರಿಂದಲೇ ಎಷ್ಟೋ ಅರ್ಜಿಗಳು ಸಿಕ್ಕಿಬೀಳುತ್ತವೆ. ಪಿಂಚಣಿ ಇಲ್ಲದೆ ಬಿಟ್ಟುಬಂದವರ ಕಡತಗಳನ್ನು 25 ವರ್ಷಗಳ ನಂತರ ನಾಶ ಮಾಡುತ್ತಾರೆ. ಅಂಥವರ ಮನೆಯವರು ‘ಲಾಂಗ್ ರೋಲ್’ (ಸೇನೆಗೆ ಸೇರಿದವರ ಹೆಸರು ಬರೆದಿಡುವ ದಾಖಲೆ) ನಮೂದಿನ ಪ್ರತಿ ಕೇಳಬೇಕು.

ಪ್ರಶ್ನೆ: ಪದಕಗಳು ಕಪ್ಪಾಗಿವೆ. ಹುಣಸೆಹಣ್ಣು ಹಾಕಿ ತಿಕ್ಕಬಹುದೇ?

ಉತ್ತರ: ಬೇಡವೇ ಬೇಡ. ಹಿತ್ತಾಳೆ ಪಾಲಿಶೂ ಬೇಡ. ತಿಕ್ಕಿದಷ್ಟೂ ಅಂಚಿನ ಅಕ್ಷರ ಸವೆಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ರಿಬ್ಬನ್ ಒಗೆದರೆ ಬಣ್ಣ ಬಿಡುತ್ತದೆ. ಪೂರ್ತಿ ಹರಿದಿದ್ದರೆ 32 ಮಿಲಿಮೀಟರ್ ಅಗಲದ ಹೊಸದನ್ನು ಹಾಕಿ, ಹಳೆಯದನ್ನು ಕವರಿನಲ್ಲಿಟ್ಟುಕೊಳ್ಳಿ. ಫ್ರೇಮಿನೊಳಗೆ ಗೋಂದು ಹಚ್ಚದೆ ಬಟ್ಟೆಗೆ ದಾರದಲ್ಲಿ ಹೊಲಿಯಿರಿ, ಗಾಜು ತಾಗದಂತೆ ಅಂತರ ಬಿಡಿ. ನೋಡುವವರ ಎಡಗಡೆ ಹಿರಿಯ ಪದಕ: ಮೊದಲು ಸ್ಟಾರ್, ಆಮೇಲೆ ಸಂಗ್ರಾಮ್, ಆಮೇಲೆ ಸೈನ್ಯ ಸೇವಾ.

ಸಮವಸ್ತ್ರದ ಫೋಟೊ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಗಾಜಿನ ಸಮೇತ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಕಾಗದಪತ್ರಗಳಿಗೆ ಲ್ಯಾಮಿನೇಷನ್ ಕೂಡದು: ಒಮ್ಮೆ ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲಾಗದು.